ಸುಟ್ಟ ಗುಡ್ಡಕ್ಕೆ ಯಾವ ಸಸಿ? ಮೊದಲು ಬುಡ ಕೆರೆದು ನೋಡಿ

ಪ್ರಶ್ನೆ: ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಕಾಡಿನ ಅಂಚಿಗೆ ಇದೆ. ಫೆಬ್ರವರಿ ಕೊನೆಯಲ್ಲಿ ಊರ ಹಿಂದಿನ ಗುಡ್ಡಕ್ಕೆ ಬೆಂಕಿ ಬಿದ್ದು ಎರಡು ದಿನ ಉರಿಯಿತು. ಗುಡ್ಡದ ಕೆಳಭಾಗ ಗೋಮಾಳ, ಮೇಲಿನದು ಅರಣ್ಯ ಇಲಾಖೆಯದು. ಈಗ ನೋಡಿದರೆ ಸಂಕಟವಾಗುತ್ತದೆ, ಎಲ್ಲ ಕರಿ. ಊರಿನ ಹುಡುಗರೆಲ್ಲ ಸೇರಿ ಜೂನ್ 5ರ ಪರಿಸರ ದಿನ ಐದು ಸಾವಿರ ಸಸಿ ನೆಡಬೇಕು, ಜೊತೆಗೆ ಬೀಜದುಂಡೆ ಎರಚಬೇಕು ಎಂದುಕೊಂಡಿದ್ದೇವೆ. ನರ್ಸರಿಯೊಬ್ಬರು ಸಿಲ್ವರ್ ಓಕ್, ಮಹಾಗನಿ, ಹೊಂಗೆ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದಿದ್ದಾರೆ. ನಮಗೆ ನಮ್ಮ ಕಾಡಿನ ಮರಗಳೇ ಬೇಕು. ಯಾವುದನ್ನು ನೆಟ್ಟರೆ ಕಾಡು ಬೇಗ ವಾಪಸ್ ಬರುತ್ತದೆ?

ಉತ್ತರ:

ನರ್ಸರಿಗೆ ಮುಂಗಡ ಇನ್ನೂ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲವಾದರೆ ಸದ್ಯಕ್ಕೆ ತಡೆಯಿರಿ. ಐದು ಸಾವಿರ ಸಸಿ ಬೇಕೋ, ಐನೂರು ಸಾಕೋ, ಒಂದೂ ಬೇಡವೋ ಎಂಬುದನ್ನು ನಿಮ್ಮ ಗುಡ್ಡವೇ ಹೇಳಬೇಕು. ಅದು ಬಾಯಿ ಬಿಡುವುದು ಒಂದೆರಡು ಹದ ಮಳೆ ಬಿದ್ದ ಮೇಲೆ. ಅಲ್ಲಿಯವರೆಗೆ ನೀವು ಮಾಡಬೇಕಾದ ಕೆಲಸ ಬೇರೆಯೇ ಇದೆ, ಬೇಕಾದಷ್ಟಿದೆ.

ಮೊದಲು ಒಂದು ಕುಡುಗೋಲು, ಒಂದು ಸಣ್ಣ ಗುದ್ದಲಿ ಹಿಡಿದು ಗೋಮಾಳದ ಭಾಗಕ್ಕೆ ಹೋಗಿ. ಹೆಬ್ಬೆರಳು ಗಾತ್ರದ, ಪೂರ್ತಿ ಸುಟ್ಟು ಕರಿಕಡ್ಡಿಯಾಗಿ ನಿಂತ ಒಂದು ಗಿಡ ನೋಡಿ. ಎದೆಯೆತ್ತರದಲ್ಲಿ ಉಗುರಿನಿಂದ ತೊಗಟೆ ಕೆರೆದರೆ ಒಳಗೂ ಒಣಗಿ ಕಂದಾಗಿರುತ್ತದೆ. ಸತ್ತಿದೆ ಎಂದೇ ಅನಿಸುತ್ತದೆ. ಈಗ ಬುಡದ ಬೂದಿ ಸರಿಸಿ, ಎರಡು ಬೆರಳಿನಷ್ಟು ಮಣ್ಣು ಬಿಡಿಸಿ, ಅಲ್ಲಿ ಕೆರೆಯಿರಿ. ಹತ್ತರಲ್ಲಿ ಬಹುಪಾಲು ಗಿಡಗಳಲ್ಲಿ ಅಲ್ಲಿ ಹಸಿರು ಕಾಣುತ್ತದೆ, ಬೆರಳಿಗೆ ತೇವ ತಾಗುತ್ತದೆ. ಇನ್ನೂ ಸ್ವಲ್ಪ ಕೆಳಕ್ಕೆ ಬಿಡಿಸಿದರೆ ಮೇಲಿನ ಕಡ್ಡಿ ಹೆಬ್ಬೆರಳಷ್ಟಿದ್ದರೂ ಕೆಳಗಿನ ಬೇರು ಮಣಿಕಟ್ಟಿನಷ್ಟು ದಪ್ಪ ಇರುವುದು ಕಾಣುತ್ತದೆ. ಹೊನ್ನೆ, ಮತ್ತಿ, ಕವಲು ಇವೆಲ್ಲ ಹೀಗೆಯೇ. ಚಿಕ್ಕಂದಿನಲ್ಲಿ ಬೇಸಿಗೆ ಬಂದಾಗಲೆಲ್ಲ ಮೇಲಿನ ಕಾಂಡವನ್ನು ಬಿಟ್ಟುಕೊಟ್ಟು, ಮಳೆ ಬಂದಾಗ ಮತ್ತೆ ಚಿಗುರಿ, ವರ್ಷಗಟ್ಟಲೆ ನೆಲದಡಿಯಲ್ಲಿ ಗಂಟು ಕಟ್ಟುತ್ತಲೇ ಇರುತ್ತವೆ. ನೀವು ಸುಟ್ಟುಹೋಯಿತು ಎಂದುಕೊಂಡ ಆ ಗಿಡದ ವಯಸ್ಸು ಹತ್ತು ವರ್ಷ ದಾಟಿರಲೂಬಹುದು. ನೋಡಿದ ಮೇಲೆ ಮಣ್ಣು ಮುಚ್ಚಿ, ಕಾಲಲ್ಲಿ ಮೆತ್ತಗೆ ಒತ್ತಿ ಬನ್ನಿ.

ನಿಮ್ಮ ಕಡೆಯ ಕಾಡು ಎಲೆ ಉದುರಿಸುವ ಒಣ ಕಾಡು. ದಿಂಡಿಗ, ಮತ್ತಿ, ತೇಗ, ಹೊನ್ನೆ, ನೆಲ್ಲಿ, ತಾರೆ, ಕಕ್ಕೆ, ಮುತ್ತುಗ ಅದರ ಮನೆ ಮಂದಿ. ಇಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲಿನ ಹುಲ್ಲು, ತರಗನ್ನು ತಿಂದುಕೊಂಡು ಹೋಗುತ್ತದೆ. ಮಣ್ಣು ಶಾಖವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹುಲ್ಲಿನ ಬೆಂಕಿ ಎಷ್ಟೇ ಧಗಧಗ ಉರಿದರೂ ನಾಲ್ಕು ಬೆರಳು ಕೆಳಗಿನ ಬೇರಿಗೆ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ದೊಡ್ಡ ಮರಗಳಿಗೆ ತೊಗಟೆಯೇ ಕವಚ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಸೀಳಿರುವುದನ್ನು ನೀವೇ ನೋಡಿದ್ದೀರಿ. ಹೊರಗೆ ಕರಿ ಹಿಡಿದಿದ್ದರೂ ಒಳಗೆ ರಸ ಹರಿಯುತ್ತಿರುತ್ತದೆ.

ಇದು ಬರಿ ನನ್ನ ಅನುಭವದ ಮಾತು ಎಂದುಕೊಳ್ಳಬೇಡಿ. ನಿಮ್ಮೂರಿನಿಂದ ಊಟಿ ರಸ್ತೆ ಹಿಡಿದರೆ ಸಿಗುವ ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಜಾಗ ಗುರುತು ಮಾಡಿ, ಅದರೊಳಗಿನ 25,000ಕ್ಕೂ ಹೆಚ್ಚು ಗಿಡಮರಗಳಿಗೆ ಒಂದೊಂದಕ್ಕೂ ಸಂಖ್ಯೆ ಕೊಟ್ಟು, ವರ್ಷ ವರ್ಷವೂ ಲೆಕ್ಕ ಹಿಡಿಯುತ್ತ ಬಂದಿದ್ದಾರೆ. ಆನೆಗಳ ಅಧ್ಯಯನಕ್ಕೆ ಹೆಸರಾದ ಪ್ರೊ. ಆರ್. ಸುಕುಮಾರ್ ಅವರ ತಂಡದ ಕೆಲಸ ಅದು. ಆ ಜಾಗಕ್ಕೆ ಎಷ್ಟೋ ಸಲ ಬೆಂಕಿ ಬಿದ್ದಿದೆ. ದೊಡ್ಡ ಮರಗಳು ಬಹುಪಾಲು ಉಳಿದುಕೊಂಡವು. ಸಣ್ಣ ಗಿಡಗಳು ಮೇಲೆ ಸುಟ್ಟು, ಬುಡದಿಂದ ಮತ್ತೆ ಎದ್ದವು. ಅಲ್ಲಿ ಯಾರೂ ಹೋಗಿ ಒಂದು ಸಸಿ ನೆಟ್ಟಿಲ್ಲ.

ಕಾಡ್ಗಿಚ್ಚಿನ ನಂತರ ಲಕ್ಷಗಟ್ಟಲೆ ಸಸಿ ನೆಡುವ ದೃಶ್ಯಗಳನ್ನು ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಅವು ಹೆಚ್ಚಾಗಿ ಅಮೆರಿಕದ ಪಶ್ಚಿಮ ಭಾಗದ ಪೈನ್, ಫರ್ ಕಾಡುಗಳವು. ಆ ಮರಗಳ ಕಥೆ ಬೇರೆ. ಬೆಂಕಿ ನೆತ್ತಿಗೇರಿ ಮರ ಸತ್ತರೆ ಅವುಗಳಲ್ಲಿ ಹೆಚ್ಚಿನವು ಬುಡದಿಂದ ಚಿಗುರುವುದಿಲ್ಲ, ಬೀಜದಿಂದಲೇ ಬರಬೇಕು. ಸಾವಿರಾರು ಎಕರೆ ಒಟ್ಟಿಗೆ ಸುಟ್ಟರೆ ಬೀಜ ಕೊಡುವ ತಾಯಿಮರವೇ ಹತ್ತಿರದಲ್ಲಿ ಉಳಿದಿರುವುದಿಲ್ಲ, ಪೈನ್ ಬೀಜ ಗಾಳಿಯಲ್ಲಿ ಬಹು ದೂರ ಹಾರುವುದೂ ಇಲ್ಲ. ಅವರಿಗೆ ನೆಡುವುದು ಅನಿವಾರ್ಯ. ಆ ಮದ್ದನ್ನು ತಂದು ನಮ್ಮ ದಿಂಡಿಗದ ಕಾಡಿಗೆ ಹಚ್ಚಿದರೆ ಕೆಲಸ ಕೆಡುತ್ತದೆ.

ಹೇಗೆ ಕೆಡುತ್ತದೆ ಎಂಬುದನ್ನು ನಾನೇ ಮಾಡಿ ನೋಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೆಯೇ ಸುಟ್ಟ ಒಂದು ಇಳಿಜಾರಿನಲ್ಲಿ ಸಾಲು ಹಿಡಿದು ಗುಂಡಿ ತೋಡಿಸಿದೆವು. ಆಳುಗಳು ಹಾರೆ ಹಾಕಿದಲ್ಲೆಲ್ಲ ಬೇರು ಸಿಕ್ಕಿತು, ಕಡಿದು ಬದಿಗೆ ಎಸೆದರು. ಸಂಜೆ ಆ ರಾಶಿಯಲ್ಲಿ ಒಂದು ತುಂಡು ಎತ್ತಿ ನೋಡಿದರೆ ಅದರ ತಲೆಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಮೊಳಕೆಗಳು. ದಿಂಡಿಗದ ಬೇರು ಅದು, ಇನ್ನೊಂದು ವಾರದಲ್ಲಿ ಚಿಗುರುತ್ತಿತ್ತು. ಅದನ್ನು ಕಡಿದು ಅದರ ಗುಂಡಿಯಲ್ಲೇ ನಾವು ನರ್ಸರಿಯ ಸಸಿ ಇಟ್ಟೆವು. ಮುಂದಿನ ಬೇಸಿಗೆಗೆ ಆ ಸಸಿಗಳಲ್ಲಿ ಬೆರಳೆಣಿಕೆಯಷ್ಟು ಉಳಿದವು. ಗುಂಡಿ ತೋಡದೆ ಬಿಟ್ಟಿದ್ದ ಬಂಡೆಯ ಸಂದಿಗಳಲ್ಲಿ ಮಾತ್ರ ಆಳೆತ್ತರ ಪೊದೆ ಎದ್ದಿತ್ತು. ಆ ನೋವು ಇವತ್ತಿಗೂ ಮಾಸಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಸುಮ್ಮನೆ ಕೂರಬೇಕೆ? ಇಲ್ಲ. ನಿಮ್ಮ ಹುಡುಗರ ತೋಳಬಲ ಬೇಕಾಗಿರುವ ಕಡೆ ಬೇರೆ ಇದೆ.

ಬೆಂಕಿಯ ನಂತರ ಆ ಗುಡ್ಡಕ್ಕೆ ದೊಡ್ಡ ಶತ್ರು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಹೂವಿನ ಚಂದಕ್ಕೆಂದು ಭಾರತಕ್ಕೆ ತಂದ ಗಿಡ ಇದು. ಇದೂ ಬುಡದಿಂದ ಚಿಗುರುತ್ತದೆ, ನಮ್ಮ ಮರಗಳಿಗಿಂತ ಬೇಗ ಚಿಗುರುತ್ತದೆ. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಎಲ್ಲೆಡೆ ಹಾಕುತ್ತವೆ. ನೆರಳಿಲ್ಲದ, ಹುಲ್ಲು ಸುಟ್ಟ ಬೋಳು ನೆಲ ಸಿಕ್ಕರೆ ಅದಕ್ಕೆ ಹಬ್ಬ. ಎರಡೇ ಮಳೆಗಾಲದಲ್ಲಿ ಪೊದೆ ಕಟ್ಟಿ, ಕೆಳಗಿನ ಹೊನ್ನೆ, ಮತ್ತಿಯ ಚಿಗುರಿಗೆ ಬೆಳಕು ಬೀಳದಂತೆ ಮಾಡುತ್ತದೆ. ಇನ್ನೊಂದು ಕೇಡಿದೆ. ಹುಲ್ಲಿನ ಬೆಂಕಿ ಮೊಣಕಾಲೆತ್ತರ ಉರಿದು ಮುಂದಕ್ಕೆ ಹೋಗುತ್ತದೆ, ಒಣಗಿದ ಲಂಟಾನ ಪೊದೆಯೋ ಬೆಂಕಿಗೆ ಏಣಿ ಇಟ್ಟ ಹಾಗೆ, ಮರದ ನೆತ್ತಿಗೇ ಹತ್ತಿಸುತ್ತದೆ. ಬಂಡೀಪುರ ಸುತ್ತಿನ ಕಾಡುಗಳಲ್ಲಿ ಬಿದಿರು ಹೂಬಿಟ್ಟು ಸತ್ತು ಒಣಗಿ ನಿಂತಾಗಲೂ ಹೀಗೆಯೇ ಆಯಿತು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ ರಸ್ತೆಬದಿಯ ಪೊದೆಗಳು ಹೇಗೆ ಭುಗಿಲೆದ್ದವು ಎಂಬುದು ನಿಮ್ಮೂರವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದರು. ಮೊದಲ ಸಲ ಅರ್ಧಕ್ಕೂ ಕಡಿಮೆ ಜಾಗಗಳಲ್ಲಿದ್ದ ಲಂಟಾನ ಎರಡನೇ ಸಲಕ್ಕೆ ಮುಕ್ಕಾಲು ಪಾಲು ದಾಟಿತ್ತು. ಅಲ್ಲಿನ ಸೋಲಿಗರ ಹಿರಿಯರು ಇದಕ್ಕೆ ಕೊಡುವ ಕಾರಣ ನೀವು ಕೇಳಬೇಕು. ಹಿಂದೆ ಬೇಸಿಗೆ ಶುರುವಾಗುವ ಮುಂಚೆಯೇ, ನೆಲದಲ್ಲಿ ಇನ್ನೂ ತಣುವು ಇರುವಾಗ, ಅವರು ತರಗು ಬೆಂಕಿ ಹಾಕುತ್ತಿದ್ದರು. ಎಲೆ ಮಾತ್ರ ಸುಡುವ ತೆಳು ಬೆಂಕಿ ಅದು. ಅದರಲ್ಲಿ ಲಂಟಾನದ ಮರಿಗಳು ಸಾಯುತ್ತಿದ್ದವು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. ಆ ಪದ್ಧತಿ ನಿಂತ ಮೇಲೆ ಎರಡೂ ಹೆಚ್ಚಾದವು ಎನ್ನುತ್ತಾರೆ. ಅವರ ಮಾತಿನಲ್ಲಿ ತಲೆತಲಾಂತರದ ನೋಟ ಇದೆ. ಹಾಗೆಂದು ನೀವು ಕಡ್ಡಿ ಗೀರಲು ಹೋಗಬೇಡಿ. ಇವತ್ತು ಕಾಡಿನೊಳಗೆ ಎದೆಯೆತ್ತರ ಲಂಟಾನ ತುಂಬಿರುವಾಗ ಅದೇ ತೆಳು ಬೆಂಕಿ ತೆಳುವಾಗಿ ಉಳಿಯುವುದಿಲ್ಲ. ಕಾನೂನಿನಲ್ಲೂ ಅದು ಅಪರಾಧ.

ಲಂಟಾನವನ್ನು ಕತ್ತಿಯಲ್ಲಿ ಸವರಿದರೆ ಪ್ರಯೋಜನವಿಲ್ಲ, ಒಂದು ಕಡೆ ಕಡಿದರೆ ಹತ್ತು ಕಡೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಸರಳ, ಕೈಕೆಲಸಕ್ಕೆ ಒಗ್ಗುವಂಥದು. ಬುಡದ ಮಣ್ಣು ಸ್ವಲ್ಪ ಬಿಡಿಸಿ, ನೆಲಮಟ್ಟಕ್ಕಿಂತ ಎರಡು ಮೂರು ಬೆರಳು ಕೆಳಗೆ, ಚಿಗುರು ಹುಟ್ಟುವ ಗಂಟಿನ ಕೆಳಗೆ, ತಾಯಿಬೇರಿಗೆ ಪಿಕಾಸಿಯಲ್ಲಿ ಏಟು ಹಾಕಬೇಕು. ಬುಡ ಸಮೇತ ಎತ್ತಿ ತಲೆಕೆಳಗಾಗಿ ಇಡಬೇಕು, ಬೇರು ಆಕಾಶಕ್ಕೆ. ಮಣ್ಣಿಗೆ ತಾಗಿದರೆ ಮತ್ತೆ ಬೇರೂರೀತು. ಸುಟ್ಟ ಗುಡ್ಡದಲ್ಲಿ ಈ ಕೆಲಸ ಮಾಡಲು ಮೊದಲ ವರ್ಷವೇ ಸುಸಮಯ. ಪೊದೆಯ ಮೇಲ್ಭಾಗ ಸುಟ್ಟು ಹೋಗಿರುವುದರಿಂದ ಬುಡ ಕಣ್ಣಿಗೆ ಕಾಣುತ್ತದೆ, ಮುಳ್ಳು ಪರಚುವುದಿಲ್ಲ, ಮಳೆಯಲ್ಲಿ ಮಣ್ಣೂ ಮೆತ್ತಗಾಗಿರುತ್ತದೆ. ಇಬ್ಬರು ಹುಡುಗರು ಜೋಡಿಯಾಗಿ ಹೋದರೆ ಒಂದು ಬೆಳಗ್ಗೆ ಎಷ್ಟು ಬುಡ ಎತ್ತಬಹುದೆಂದು ನೀವೇ ಆಶ್ಚರ್ಯಪಡುತ್ತೀರಿ. ಆದರೆ ಒಂದು ಸಲ ಕಿತ್ತರೆ ಮುಗಿಯಿತು ಎಂದುಕೊಳ್ಳಬೇಡಿ. ಮಣ್ಣಿನಲ್ಲಿ ಬೀಜ ಕೂತಿರುತ್ತದೆ. ಮೂರು ನಾಲ್ಕು ವರ್ಷ, ಮಳೆಗಾಲದಲ್ಲಿ ಒಂದು ಸುತ್ತು ಹೋಗಿ ಮರಿಗಳನ್ನು ಕೈಯಲ್ಲಿ ಕೀಳಬೇಕು. ಹಕ್ಕಿ ಕೂರುವ ಮರಗಳ ಬುಡದಲ್ಲಿ ಅವು ಹೆಚ್ಚು. ಕಿತ್ತ ಕಾಂಡ ಹಾಳು ಮಾಡಬೇಡಿ: ಮಲೆಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದನ್ನು ಬೇಯಿಸಿ, ತೊಗಟೆ ಸುಲಿದು, ಬಾಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ.

ಮಳೆಗೆ ಮುಂಚಿನ ಇನ್ನೊಂದು ಕೆಲಸ ಮಣ್ಣು ಹಿಡಿಯುವುದು. ಬೂದಿ ಮುಚ್ಚಿದ ಇಳಿಜಾರಿನ ಮೇಲೆ ಭರಣಿ, ಕೃತಿಕೆ ಮಳೆ ರಪರಪ ಹೊಡೆದರೆ ಮೇಲ್ಮಣ್ಣೆಲ್ಲ ಕೆರೆಗೆ. ಸುಟ್ಟು ಬಿದ್ದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿ, ಕೊರಕಲುಗಳಿಗೆ ಮೊಣಕಾಲೆತ್ತರ ಕಲ್ಲು ಜೋಡಿಸಿ. ನಿಂತಿರುವ ಕರಿ ಮರಗಳನ್ನು ಸತ್ತಿವೆ ಎಂದು ಕಡಿಯಬೇಡಿ. ಎಷ್ಟೋ ಮರ ಎರಡನೇ ವರ್ಷ ಚಿಗುರುತ್ತವೆ. ನಿಜವಾಗಿ ಸತ್ತದ್ದಾದರೂ ಮರಕುಟಿಗನಿಗೆ ಮನೆ, ಹಣ್ಣು ತಿಂದು ಬೀಜ ಹಾಕುವ ಹಕ್ಕಿಗೆ ಕೂರಲು ಕೊಂಬೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: ಮುಂದಿನ ನಾಲ್ಕೈದು ವರ್ಷ ಆ ಗುಡ್ಡಕ್ಕೆ ಮತ್ತೆ ಬೆಂಕಿ ಬೀಳದಂತೆ ಕಾಯುವುದು. ನಮ್ಮ ಮರಗಳು ಬೆಂಕಿ ತಡೆಯುತ್ತವೆ ಎಂದೆ, ನಿಜ. ಆದರೆ ಪದೇ ಪದೇ ಬಿದ್ದರೆ ತಡೆಯಲಾರವು. ನೀಲಗಿರಿ ಸುತ್ತಿನ ಕಾಡುಗಳಲ್ಲಿ 20ನೇ ಶತಮಾನದ ಆರಂಭಕ್ಕೆ ಹೋಲಿಸಿದರೆ ಬೆಂಕಿ ಬೀಳುವುದು ಸುಮಾರು ಮೂರು ಪಟ್ಟು ಹೆಚ್ಚಾಗಿದೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಅದೇ ಜಾಗ ಸುಡುತ್ತಿದೆ ಎಂದು ಹಳೆಯ ದಾಖಲೆ ಮತ್ತು ಉಪಗ್ರಹ ಚಿತ್ರ ಹೋಲಿಸಿದವರು ಕಂಡುಕೊಂಡಿದ್ದಾರೆ. ಬುಡದ ಚಿಗುರು ಬೆಂಕಿಯ ಎತ್ತರ ದಾಟಿ, ತೊಗಟೆ ದಪ್ಪ ಮಾಡಿಕೊಳ್ಳಲು ಅದಕ್ಕಿಂತ ಹೆಚ್ಚು ಬಿಡುವು ಬೇಕು. ಬಿಡುವು ಸಿಗದಿದ್ದರೆ ಗಿಡ ಗಿಡವಾಗಿಯೇ ಉಳಿಯುತ್ತದೆ. ದೊಡ್ಡ ಮರಗಳು ಒಂದೊಂದೇ ಮುದಿಯಾಗಿ ಬಿದ್ದಾಗ ಜಾಗ ತುಂಬಲು ನಡುವಯಸ್ಸಿನ ಮರ ಇರುವುದಿಲ್ಲ.

ಜನವರಿ ಬರುವಷ್ಟರಲ್ಲಿ ಊರ ಬದಿಯಿಂದ ಬೆಂಕಿ ರೇಖೆ ಸವರಬೇಕು, ಅಂದರೆ ಬೆಂಕಿ ದಾಟದಂತೆ ಹುಲ್ಲು, ತರಗು ತೆಗೆದ ಬೋಳು ಪಟ್ಟಿ. ಇಲಾಖೆಯವರು ಬೇಸಿಗೆಗೆ ಬೆಂಕಿ ಕಾವಲುಗಾರರನ್ನು ಸ್ಥಳೀಯರಿಂದಲೇ ತೆಗೆದುಕೊಳ್ಳುತ್ತಾರೆ, ನಿಮ್ಮ ಹುಡುಗರ ಹೆಸರು ಕೊಡಿ. ದನ ಮೇಯಿಸುವವರು, ಜೇನು ಕೀಳುವವರು, ಉದುರಿದ ಕೊಂಬು ಆರಿಸುವವರು, ಹಳೇ ದ್ವೇಷಕ್ಕೆ ಕಡ್ಡಿ ಗೀರುವವರು ಯಾರು ಎಂಬುದು ಹೊರಗಿನ ಅಧಿಕಾರಿಗಿಂತ ನಿಮಗೆ ಗೊತ್ತಿರುತ್ತದೆ. ಅವರ ಜೊತೆ ಕೂತು ಮಾತಾಡುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದೇ ಬೆಂಕಿಗೆ ಬಲಿಯಾದರು. ಹಸಿ ಸೊಪ್ಪು ಹಿಡಿದು ಬಡಿಯುವುದೇ ಇವತ್ತಿಗೂ ನಮ್ಮ ಮುಖ್ಯ ಆಯುಧ. ಆರಿಸುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದಕ್ಕೆ ಎಷ್ಟು ಬೆಲೆ ಎಂದು ಇದರಿಂದಲೇ ತಿಳಿಯಿರಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನೆಡಬೇಕಾದ ಜಾಗ ಇಲ್ಲವೇ ಇಲ್ಲ ಎಂದಲ್ಲ. ಲಂಟಾನ ಕಿತ್ತು ಬೋಳಾದ ಕೆಲವು ಕಡೆ ನಮ್ಮ ಮರಗಳ ಬುಡಗಳೇ ಇರುವುದಿಲ್ಲ. ಗೋಮಾಳದಲ್ಲಿ ಹಿಂದೆ ಕಡಿದು, ಮೇಯಿಸಿ, ಬೇರೂ ಉಳಿಯದ ತಾಣಗಳಿರುತ್ತವೆ. ಜೆಸಿಬಿ ಮಣ್ಣು ತೆಗೆದ ಗುಂಡಿಗಳಿರುತ್ತವೆ. ಅಲ್ಲಿ ನೆಡಿ. ಮೇಲಿನ ಭಾಗ ಮೀಸಲು ಅರಣ್ಯವಾದ್ದರಿಂದ, ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದರಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ, ಅದು ಒಳ್ಳೆಯ ಕೆಲಸಕ್ಕಾದರೂ ಸರಿ. ವಲಯ ಅರಣ್ಯಾಧಿಕಾರಿಯವರಿಗೆ ಅರ್ಜಿ ಬರೆಯಿರಿ, ಊರಿನ ಪರಿಸರ ಅಭಿವೃದ್ಧಿ ಸಮಿತಿಯ ಮೂಲಕ ಹೋದರೆ ಇನ್ನೂ ಒಳ್ಳೆಯದು. ಲಂಟಾನ ಕೀಳಲು ಜನ ಬರುತ್ತಾರೆ ಎಂದರೆ ಬೇಡ ಎನ್ನುವ ಅಧಿಕಾರಿ ಅಪರೂಪ.

ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಮಹಾಗನಿ ಅಮೆರಿಕ ಖಂಡದ್ದು. ಕಾಫಿ ತೋಟಕ್ಕೋ ಹೊಲದ ಬದುವಿಗೋ ಇರಲಿ, ಗುಡ್ಡಕ್ಕೆ ಬೇಡ. ಚಂದದ ಹಳದಿ ಹೂ ಬಿಡುವ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರವನ್ನು ವಯನಾಡಿನಲ್ಲಿ ಹಿಂದೆ ನೆರಳಿಗೆಂದು ನೆಟ್ಟರು. ಈಗ ಅದು ಅಲ್ಲಿನ ಕಾಡನ್ನು ನುಂಗಿ, ಬಂಡೀಪುರ, ನಾಗರಹೊಳೆಯ ಒಳಕ್ಕೂ ಕಾಲಿಟ್ಟಿದೆ. ಹೊಂಗೆ ನಮ್ಮದೇ, ಆದರೆ ಅದು ಹಳ್ಳದ ದಂಡೆಯ ಮರ. ಒಣ ಇಳಿಜಾರಿನ ನೆತ್ತಿಯಲ್ಲಿ ಅದಕ್ಕೇನು ಕೆಲಸ? ‘ನಮ್ಮ ನಾಡಿನ ಮರ’ ಎಂದರೆ ನನ್ನ ಲೆಕ್ಕದಲ್ಲಿ ಕರ್ನಾಟಕದ ಮರ ಎಂದಲ್ಲ, ನಿಮ್ಮ ಗುಡ್ಡದ ಮರ. ಗುಡ್ಡದ ಸುಡದೆ ಉಳಿದ ಭಾಗಕ್ಕೆ ಹೋಗಿ, ಅಲ್ಲಿ ಯಾವ ಮರ ನೆತ್ತಿಯಲ್ಲಿದೆ, ಯಾವುದು ಹಳ್ಳದಲ್ಲಿದೆ ಎಂದು ಪಟ್ಟಿ ಮಾಡಿ. ಅದೇ ನಿಮ್ಮ ನೆಡುಪಟ್ಟಿ. ಊರಿನಲ್ಲಿ ಸೋಲಿಗರೋ ಜೇನುಕುರುಬರೋ ಇದ್ದರೆ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಪುಸ್ತಕ ತೆರೆಯುವ ಮುಂಚೆ ಅವರು ಹೆಸರು ಹೇಳಿರುತ್ತಾರೆ.

ಬೀಜವನ್ನೂ ಅಲ್ಲಿಂದಲೇ ತನ್ನಿ. ಅಂಕೋಲೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ, 2024ರಲ್ಲಿ ತೀರಿಕೊಳ್ಳುವವರೆಗೂ ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತಿಸುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಿಂದ ಶುರು ಮಾಡಿ ಪದ್ಮಶ್ರೀವರೆಗೆ ಬಂದ ಆ ತಾಯಿಯ ವಿದ್ಯೆಯ ತಿರುಳು ಇಷ್ಟೇ: ಆರೋಗ್ಯದ ಮರ ನೋಡಬೇಕು, ಹದ ಬಲಿತಾಗ ಆರಿಸಬೇಕು. ನಾನು ಇನ್ನೊಂದು ಸೇರಿಸುತ್ತೇನೆ: ಒಂದೇ ಮರದ ಬೀಜದಿಂದ ಸಾವಿರ ಸಸಿ ಎಬ್ಬಿಸಬೇಡಿ. ಒಂದಕ್ಕೊಂದು ದೂರ ಇರುವ ಹತ್ತು ಇಪ್ಪತ್ತು ಮರಗಳಿಂದ ಹಿಡಿ ಹಿಡಿ ತನ್ನಿ. ಅರ್ಧವನ್ನು ಮರದ ಕೆಳಗೇ ಬಿಡಿ, ಅದು ಜಿಂಕೆಗೆ, ಅಳಿಲಿಗೆ. ಜಿಂಕೆ ನೆಲ್ಲಿಕಾಯಿ ತಿಂದು, ಎಲ್ಲೋ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಅದೂ ನಿಮ್ಮ ಬಳಗದ ಒಬ್ಬ ಸದಸ್ಯ.

ಒಂದೊಂದು ಬೀಜದ ಸ್ವಭಾವ ಒಂದೊಂದು. ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ಹಾಕಿ ರಾತ್ರಿ ಬಿಟ್ಟರೆ ಅಥವಾ ಮರಳುಕಾಗದದಲ್ಲಿ ಒಂದು ಬದಿ ಉಜ್ಜಿದರೆ ಏಳುತ್ತದೆ. ತಾರೆ, ಅಳಲೆ ನಿಧಾನಸ್ಥರು, ತಿರುಳು ತೆಗೆದು ಬಿತ್ತಿ ತಿಂಗಳುಗಟ್ಟಲೆ ಕಾಯಬೇಕು. ನೆಲ್ಲಿಯ ಓಟೆಯನ್ನು ಬಿಸಿಲಲ್ಲಿ ಹರಡಿದರೆ ಪಟಪಟ ಸಿಡಿದು ಬೀಜ ತಾನೇ ಹೊರಬರುತ್ತದೆ, ಮೇಲೊಂದು ತೆಳು ಬಟ್ಟೆ ಮುಚ್ಚಿಡಿ, ಇಲ್ಲವಾದರೆ ಅಂಗಳದ ತುಂಬ ಹಾರುತ್ತದೆ. ನೇರಳೆ ಬೀಜವನ್ನು ಡಬ್ಬಿಯಲ್ಲಿ ಇಡುವ ಮಾತೇ ಇಲ್ಲ, ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಹೋಗಬೇಕು. ದಿಂಡಿಗ ಮಾತ್ರ ಸತಾಯಿಸುತ್ತದೆ: ಬುಟ್ಟಿಗಟ್ಟಲೆ ಬೀಜ ತಂದರೂ ಹೆಚ್ಚಿನವು ಜಳ್ಳು. ಹಾಗಾಗಿ ದಿಂಡಿಗದ ಪ್ರತಿ ಬುಡವನ್ನೂ ಕಣ್ಣಲ್ಲಿ ಕಣ್ಣಿಟ್ಟು ಉಳಿಸಿಕೊಳ್ಳಬೇಕು. ನರ್ಸರಿಯಿಂದ ಅದನ್ನು ತುಂಬಿಕೊಳ್ಳುತ್ತೇವೆ ಎಂಬ ಧೈರ್ಯ ಬೇಡ.

ಬೀಜದುಂಡೆಯ ಬಗ್ಗೆ ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಲು ಬೇಸರವಾಗುತ್ತದೆ, ಆದರೂ ಹೇಳಲೇಬೇಕು. ಮೇಲೆ ಎಸೆದ ಉಂಡೆ ಗಟ್ಟಿ ನೆಲದ ಮೇಲೆ ಕೂತಿರುತ್ತದೆ. ಒಂದು ಮಳೆಗೆ ಮೊಳೆತು, ನಂತರದ ಹತ್ತು ದಿನದ ಬಿಸಿಲಿಗೆ ಬೇರು ನೆಲ ಮುಟ್ಟುವ ಮುಂಚೆ ಒಣಗುತ್ತದೆ. ಉಳಿದದ್ದು ಇರುವೆಗೆ, ಇಲಿಗೆ. ಅದೇ ಬೀಜವನ್ನು, ಅದೇ ಹುಡುಗರು, ಹಾರೆಯ ಮೊನೆಯಲ್ಲಿ ಒಂದು ಹೆಬ್ಬೆರಳು ಆಳಕ್ಕೆ ತೂತು ಮಾಡಿ ಊರಿ, ಕಾಲಲ್ಲಿ ಒತ್ತಿದರೆ ಫಲ ಎಷ್ಟೋ ಮೇಲು. ಮುತ್ತುಗ, ತಾರೆ, ಅಳಲೆಯಂಥ ದಪ್ಪ ಬೀಜಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಮುಳ್ಳುಪೊದೆಯ ನೆರಳಿನ ಅಂಚು ನೋಡಿ ಊರಿ, ಆಡು ಬಾಯಿ ಹಾಕದ ಜಾಗ ಅದು.

ಸಸಿ ನೆಡುವುದೇ ಆದರೆ ಜೂನ್ 5ನ್ನು ಮರೆತುಬಿಡಿ. ಗುಂಡ್ಲುಪೇಟೆ ಮಳೆನೆರಳಿನ ಸೀಮೆ. ಮೇ ತಿಂಗಳಲ್ಲಿ ಒಂದು ಹದ ಮಳೆ, ಆಮೇಲೆ ಜೂನ್, ಜುಲೈಯಲ್ಲಿ ಬರಿ ಗಾಳಿ ಮೋಡ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಳ್ಳೆಯ ಮಳೆ. ಮಲೆನಾಡಿನ ಪಂಚಾಂಗ ನಿಮಗೆ ಹೊಂದುವುದಿಲ್ಲ. ನಿಮ್ಮ ಅಪ್ಪ ಹೊಲಕ್ಕೆ ಯಾವ ಮಳೆ ನಂಬಿ ಬಿತ್ತುತ್ತಾರೋ ಅವರನ್ನೇ ಕೇಳಿ. ಗುದ್ದಲಿ ಹಾಕಿದರೆ ಮೊಳದಷ್ಟು ಆಳ ಮಣ್ಣು ಒದ್ದೆ ಇರಬೇಕು, ಅದೇ ಮುಹೂರ್ತ. ಉತ್ತರೆ, ಹಸ್ತ ಮಳೆಯವರೆಗೆ ಕಾದು ನೆಟ್ಟರೂ ನಷ್ಟವಿಲ್ಲ, ಆದರೆ ಆಗ ಸಸಿ ಒಂದು ವರ್ಷದ್ದಾಗಿರಬೇಕು. ಎತ್ತರಕ್ಕೆ ಮರುಳಾಗಬೇಡಿ, ಕಾಂಡದ ದಪ್ಪ ನೋಡಿ. ಚೀಲ ಹರಿದಾಗ ತಳದಲ್ಲಿ ಬೇರು ಸಿಂಬೆಯಂತೆ ಸುತ್ತಿಕೊಂಡಿದ್ದರೆ ಆ ಸಸಿ ಎರಡನೇ ಬೇಸಿಗೆ ದಾಟುವುದು ಕಷ್ಟ. ಬುಡಕ್ಕೆ ಒಣಹುಲ್ಲು, ತರಗು ಮುಚ್ಚುವುದು ತೋಟಕ್ಕೆ ಸರಿ, ಬೆಂಕಿ ಬೀಳುವ ಗುಡ್ಡಕ್ಕೆ ಅದು ಸೌದೆ. ಬದಲಿಗೆ ಚಪ್ಪಟೆ ಕಲ್ಲು ಜೋಡಿಸಿ, ತೇವವೂ ನಿಲ್ಲುತ್ತದೆ, ಬೆಂಕಿಯೂ ಹತ್ತಿರ ಬರುವುದಿಲ್ಲ. ಡಿಸೆಂಬರಿನಲ್ಲಿ ಸಸಿಯ ಸುತ್ತ ಎರಡು ಮೊಳದವರೆಗಿನ ಹುಲ್ಲನ್ನು ಕೆತ್ತಿ ತೆಗೆಯಿರಿ. ದನ, ಆಡುಗಳಿಗೆ ಗುಡ್ಡದ ಒಂದು ಭಾಗವನ್ನಾದರೂ ಮೂರು ವರ್ಷ ಬಿಡದಿರಲು ಊರಲ್ಲಿ ಕೂತು ತೀರ್ಮಾನಿಸಿ. ಮೇವಿಗೆ ಇನ್ನೊಂದು ಭಾಗ ತೋರಿಸದೆ ಬೇಲಿ ಹಾಕಿದರೆ ಬೇಲಿ ಉಳಿಯುವುದಿಲ್ಲ, ಬಡವರ ಆಡು ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಉತ್ತರ ಬೇಕಲ್ಲ.

ಇದನ್ನು ಓದುವ ಮಲೆನಾಡಿನವರಿಗೆ ಒಂದು ಮಾತು. ಮೇಲೆ ಹೇಳಿದ್ದನ್ನು ನಿಮ್ಮ ನಿತ್ಯಹರಿದ್ವರ್ಣ ಕಾಡಿಗೆ ಹಾಗೇ ಅನ್ವಯಿಸಬೇಡಿ. ಅಲ್ಲಿನ ಮರಗಳ ತೊಗಟೆ ತೆಳು. ಮೊಣಕಾಲಿಗೂ ಬಾರದ ತೆವಳು ಬೆಂಕಿ ಸಾಕು, ಒಂದೆರಡು ವರ್ಷದೊಳಗೆ ದೊಡ್ಡ ಮರಗಳೂ ಒಣಗುತ್ತ ಬರುತ್ತವೆ. ಧೂಪ, ರಾಮಪತ್ರೆಯ ಬೀಜ ವಾರಗಟ್ಟಲೆ ಇಟ್ಟರೆ ಸಾಯುತ್ತದೆ, ಎಳೆ ಸಸಿಗೆ ನೆರಳೂ ಬೇಕು. ಅಲ್ಲಿ ನೆಡಬೇಕಾಗುತ್ತದೆ, ಮೊದಲು ಉಪ್ಪಳಿಗೆಯಂಥ ಬೇಗ ಬೆಳೆಯುವ ಮರಗಳ ನೆರಳು ಎಬ್ಬಿಸಿ, ಅದರಡಿ ಉಳಿದವನ್ನು. ಬಾಬಾಬುಡನ್‌ಗಿರಿ, ಕುದುರೆಮುಖದ ಹುಲ್ಲುಬೆಟ್ಟ ಸುಟ್ಟರಂತೂ ಅಲ್ಲಿ ಒಂದು ಮರವನ್ನೂ ನೆಡಬಾರದು. ಅದು ಮರ ಕಳೆದುಕೊಂಡ ಕಾಡಲ್ಲ, ಹುಲ್ಲಿನದೇ ಮನೆ. ನೆಡುವುದಿದ್ದರೆ ಕಣಿವೆಯ ಶೋಲಾ ಕಾಡಿನ ಸುಟ್ಟ ಅಂಚಿಗೆ ಮಾತ್ರ, ಆ ಶೋಲಾದ್ದೇ ಸಸಿಗಳು.

ನಿಮ್ಮ ಹುಡುಗರಿಗೆ ಈ ತಿಂಗಳ ಕೆಲಸ ಹೇಳಿಬಿಡುತ್ತೇನೆ. ಮೊದಲ ಹದ ಮಳೆ ಬಿದ್ದ ಹದಿನೈದನೇ ದಿನ, ಮನೆಯ ಹಳೇ ಬಿಳಿ ಪಂಚೆ ಹರಿದು ಪಟ್ಟಿ ಮಾಡಿಕೊಂಡು ಗೋಮಾಳದ ಭಾಗಕ್ಕೆ ಹತ್ತಿ. ಚಿಗುರಿದ ಪ್ರತಿ ಬುಡಕ್ಕೂ ಒಂದು ಪಟ್ಟಿ ಕಟ್ಟಿ, ಲಂಟಾನಕ್ಕೆ ಕಟ್ಟಬೇಡಿ. ಸಂಜೆ ಕೆಳಗಿಳಿದು ಊರ ಕಟ್ಟೆಯಿಂದ ಗುಡ್ಡ ನೋಡಿ. ಬಿಳಿ ಕಾಣದೆ ಉಳಿದ ತಾಣಗಳು ಎಷ್ಟು, ಒಂದೊಂದು ಎಷ್ಟು ಗುಂಟೆ, ನೆತ್ತಿಯಲ್ಲೋ ಹಳ್ಳದಲ್ಲೋ ಎಂದು ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸಿ. ಎಷ್ಟು ಸಸಿ, ಯಾವ ಸಸಿ ಎಂದು ಆ ಹಾಳೆ ನೋಡಿ ಬರೆಯುತ್ತೇನೆ. ಅಷ್ಟರಲ್ಲಿ ಮುತ್ತುಗದ ಕಾಯಿ ಒಣಗುವ ಹೊತ್ತು, ಸುಡದೆ ಉಳಿದ ಮರಗಳಿಂದ ಆರಿಸಲು ಶುರು ಮಾಡಿ.